ಲೆಸ್ಲಿ ಎಕ್ಸಿಟ್‌ಗೆ ಒಂದು ಕಿಲೋಮೀಟರ್ ಮೊದಲು

ಟೊರೊಂಟೊದಿಂದ ಬಂದಮೇಲೆ ಧಾರವಾಡದಲ್ಲಿ ಎಲ್ಲರೂ ನನ್ನನ್ನು ಕೇಳುವುದು ಅಲ್ಲಿಯ ಪ್ರಸಿದ್ಧ ಜಲಪಾತದ ಬಗ್ಗೆ. ನೋಡಿದೆ, ಚೆನ್ನಾಗಿತ್ತು, ಅಂಚಿನ ನೀರೆಲ್ಲ ಹೆಪ್ಪುಗಟ್ಟಿತ್ತು ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇನೆ. ಏಕೆಂದರೆ ನನಗೆ ಹೇಳಬೇಕೆನಿಸುವುದು ಒಂದು ಕೆಟ್ಟುನಿಂತ ಕಾರಿನ ಬಗ್ಗೆ. ಆ ಶನಿವಾರ ನೆನಪಾದರೆ ಈಗಲೂ ನನ್ನ ದನಿ ಏರುತ್ತದೆ, ಕೈ ತಾನಾಗಿ ಆಡುತ್ತದೆ. ಮನೆಯವರು "ಮತ್ತ ಶುರು ಆತು" ಎನ್ನುತ್ತಾರೆ. ಆಗಲಿ.

ಸ್ಟ್ರೀಟ್ಸ್‌ವಿಲ್

ವಿಮಲಕ್ಕ ನನ್ನ ದೊಡ್ಡಮ್ಮನ ಮಗಳು, ಬೆಳಗಾವಿಯವಳು. ಇಪ್ಪತ್ತೆರಡು ವರ್ಷಗಳಿಂದ ಟೊರೊಂಟೊ ಪಕ್ಕದ ಮಿಸಿಸಾಗದ ಸ್ಟ್ರೀಟ್ಸ್‌ವಿಲ್‌ನಲ್ಲಿದ್ದಾಳೆ. ಅಲ್ಲಿ ಅವಳ ಕೆಲಸ ಶಾಲೆಯ ಹಳದಿ ಬಸ್ ಓಡಿಸುವುದು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದಾಗ "ಇನ್ನೇನ ನೆವಾ ಹೇಳ್ತಿ? ಬಾ" ಎಂದು ಕರೆದಳು. ಎರಡು ತಿಂಗಳಿಗೆಂದು ಹೋದೆ. ಹೋದದ್ದು ಫೆಬ್ರವರಿಯಲ್ಲಿ, ಅದೂ ಹಿಮ ನೋಡುವ ಹುಚ್ಚಿಗೆ.

ಬಂದ ಮೂರನೇ ವಾರ ವಿಮಲಕ್ಕನ ಕನ್ನಡ ಗೆಳತಿಯರ ಗುಂಪಿನಲ್ಲಿ ಒಂದು ಫೋಟೊ ಬಂತು. ಟೊರೊಂಟೊದ ಆಚೆ ಬದಿಯ ಮಾರ್ಕಮ್‌ನಲ್ಲಿರುವ ಯಾರೋ ಊರು ಬಿಡುತ್ತಿದ್ದಾರೆ, ಅವರಿಗೆ ಬೀಳ್ಕೊಡುಗೆಯ ಊಟ. ಫೋಟೊದ ನಡುವೆ ನಿಂತವಳನ್ನು ನೋಡಿ ವಿಮಲಕ್ಕನ ಕೈಯಿಂದ ಫೋನ್ ಕಿತ್ತುಕೊಂಡೆ. ಅವಳು ಲೀಲಾ. ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ನನ್ನ ಪಕ್ಕದ ಮಂಚದಲ್ಲಿ ಮಲಗಿದ ಉಡುಪಿಯ ಹುಡುಗಿ. ಕಡೆಯ ಸಲ ನಾವು ಮಾತಾಡಿ ಮೂವತ್ತೊಂದು ವರ್ಷವಾಗಿತ್ತು. ಮಾತು ನಿಂತದ್ದು ನನ್ನಿಂದ.

ವಿಮಲಕ್ಕ ತನ್ನ ಗೆಳತಿಗೆ ಫೋನ್ ಮಾಡಿ ಲೀಲಾಳ ನಂಬರ್ ಕೇಳಿದಳು. ನಾನು ಅದನ್ನು ನನ್ನ ಮೊಬೈಲಿನಲ್ಲಿ ಒತ್ತಿಕೊಂಡು, ಒಂದು ದಿನ ಹಿಂದೆಮುಂದೆ ನೋಡಿ, ಕಡೆಗೆ ಕರೆದೆ.

"ಯಾರು? ಸುಶೀಲಾ? ಧಾರವಾಡದ ಸುಶೀಲಾ?" ಎಂದಳು. ಹೌದೆಂದೆ. "ನಾನು ಶನಿವಾರ ಹೊರಡ್ತೇನೆ ಮಾರಾಯ್ತಿ. ಇವರು ಹೋಗಿ ತಿಂಗಳಾಯ್ತು, ಹ್ಯಾಲಿಫ್ಯಾಕ್ಸ್‌ನಲ್ಲಿ ಕೆಲಸ. ಬಾಡಿಗೆ ಮನೆಯ ಬೀಗದ ಕೈ ಹನ್ನೆರಡಕ್ಕೆ ಕೊಡ್ಲಿಕ್ಕುಂಟು. ಕೊಟ್ಟು ಸೀದಾ ಹೊರಡುದು. ನೀನು ಅದರ ಮುಂಚೆ ಬಾ."

"ವಿಮಾನ ಎಷ್ಟಕ್ಕ?"

"ವಿಮಾನ ಎಂತದು? ಕಾರಲ್ಲಿ. ನಾನೇ ಓಡಿಸಿಕೊಂಡು ಹೋಗುದು. ನಾಲ್ಕು ದಿನ."

ಹಾಸ್ಟೆಲ್ಲಿನಲ್ಲಿದ್ದಾಗ ಸೈಕಲ್ ಏರಲೂ ಹೆದರುತ್ತಿದ್ದವಳು ಹಿಮದಲ್ಲಿ ಸಾವಿರದೆಂಟುನೂರು ಕಿಲೋಮೀಟರ್ ಒಬ್ಬಳೇ ಹೋಗುತ್ತೇನೆ ಎನ್ನುತ್ತಿದ್ದಳು!

ಶನಿವಾರ ಬೆಳಿಗ್ಗೆ ಎಂಟೂವರೆಗೇ ನಾನು ಕೋಟು, ಟೊಪ್ಪಿಗೆ, ಮೊಣಕಾಲಿನವರೆಗಿನ ಬೂಟು ಹಾಕಿಕೊಂಡು ಸಿದ್ಧಳಾಗಿದ್ದೆ. ಹೊರಗೆ ಮೈನಸ್ ಹದಿನಾಲ್ಕು. ವಿಮಲಕ್ಕ ಮಾತ್ರ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು. ಶಾಲೆಯ ಬಸ್ಸನ್ನು ಹೊರಡಿಸುವ ಮೊದಲು ಹೀಗೆ ಸುತ್ತಿ ಪ್ರತಿಯೊಂದನ್ನೂ ನೋಡಬೇಕೆಂಬುದು ಅಲ್ಲಿಯ ನಿಯಮ. ಆ ಅಭ್ಯಾಸ ಅವಳಿಗೆ ರಜಾದಿನವೂ ಬಿಡದು. ಟೈರು ಒದ್ದು ನೋಡಿದಳು. ನನ್ನನ್ನು ಹಿಂದೆ ನಿಲ್ಲಿಸಿ ತಾನು ಒಳಗೆ ಕೂತು ಬ್ರೇಕ್ ಒತ್ತಿದಳು.

"ಕೆಂಪು ಲೈಟ್ ಎರಡೂ ಹತ್ಯಾವೇನು?"

"ಹತ್ಯಾವ ಅಕ್ಕಾ, ನಡೀ ಇನ್ನ."

ಆಮೇಲೆ ಡಿಕ್ಕಿ ತೆರೆದಳು. ಎರಡು ಕಂಬಳಿ, ಒಂದು ಸಲಿಕೆ, ಬ್ಯಾಟರಿಗೆ ಬ್ಯಾಟರಿ ಜೋಡಿಸುವ ಕೆಂಪು-ಕಪ್ಪು ವೈರು, ಟಾರ್ಚು, ಗಾಜು ತೊಳೆಯುವ ನೀಲಿ ನೀರಿನ ಕ್ಯಾನು. ಮೂಲೆಯಲ್ಲಿ ಬೆಕ್ಕಿನ ಚಿತ್ರವಿದ್ದ, ಮನೆಯೊಳಗೆ ಸಾಕಿದ ಬೆಕ್ಕಿನ ಹೊಲಸಿಗೆಂದು ಮಾರುವ ಮರಳಿನ ದೊಡ್ಡ ಚೀಲ.

"ಬೆಕ್ಕ ಎಲ್ಲೈತಿ?" ಎಂದೆ.

"ಬೆಕ್ಕ ಇಲ್ಲ. ಗಾಲಿ ಐಸ್ ಮ್ಯಾಲೆ ಜಾರಾಕತ್ತಿದ್ರ ಅದರ ಬುಡಕ ಹಾಕಾಕ."

ಕಡೆಗೆ ಒಳಗಿಂದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯನ್ನೂ ತಂದಳು. ನನಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಮಾರ್ಕಮ್ ಒಂದ್ ತಾಸಿನ ಹಾದಿ. ಕಾಶಿಗೆ ಹೊಂಟವರ ಗತೆ ಮಾಡಾಕತ್ತಿಯಲ್ಲ!"

"ನಕ್ಕೋ ನಕ್ಕೋ" ಎಂದು ಡಿಕ್ಕಿ ಮುಚ್ಚಿದಳು.

ನಾನೂರಾ ಒಂದು

ಅಲ್ಲಿಯವರು 'ಫೋರ್ ಓ ಒನ್' ಎನ್ನುವ ಆ ಹೆದ್ದಾರಿಯನ್ನು ನೋಡಿ ನನಗೆ ಆದ ಖುಷಿಯನ್ನು ಹೇಗೆ ಹೇಳಲಿ! ಒಂದೇ ದಿಕ್ಕಿಗೆ ಎಂಟು ಸಾಲು ಹೋಗುತ್ತವೆ. ಅದರಲ್ಲೂ ಎರಡು ಪಂಗಡ. ದೂರ ಹೋಗುವವರಿಗೆ ಒಳಗಿನ ಎಕ್ಸ್‌ಪ್ರೆಸ್ ಸಾಲುಗಳು, ಇಳಿಯುವವರಿಗೆ ಹೊರಗಿನ ಕಲೆಕ್ಟರ್ ಸಾಲುಗಳು. ನಡುವೆ ಗೋಡೆ. ಒಂದರಿಂದ ಇನ್ನೊಂದಕ್ಕೆ ದಾಟಲು ಅಲ್ಲಲ್ಲಿ ಮಾತ್ರ ದಾರಿ. ಇಷ್ಟು ವಾಹನ, ಆದರೆ ಒಂದು ಹಾರ್ನ್ ಇಲ್ಲ. ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಮುಂದೆ ಐದು ನಿಮಿಷಕ್ಕೆ ಆಗುವಷ್ಟು ಸದ್ದು ಇಲ್ಲಿ ವರ್ಷಕ್ಕೂ ಆಗಲಿಕ್ಕಿಲ್ಲ.

ನಾನು ಲೀಲಾಳ ಕಥೆ ಹೇಳುತ್ತಿದ್ದೆ. ವಿಮಲಕ್ಕ ಹೂಂಗುಟ್ಟುತ್ತಿದ್ದಳು. ಕಾರಿನ ಮುಂಭಾಗದಲ್ಲಿ ಏನೋ ಪಟ್ಟೆಂದು ಬಡಿದ ಸದ್ದು. ಸ್ಟಿಯರಿಂಗ್ ಹಿಂದೆ ಬ್ಯಾಟರಿಯ ಚಿತ್ರದ ಕೆಂಪು ದೀಪ ಹೊತ್ತಿಕೊಂಡಿತು.

"ಸ್ಟಿಯರಿಂಗ್ ಬಿಗಿ ಆತು" ಎಂದಳು, ಅಷ್ಟೇ ಮೆಲ್ಲಗೆ.

ನಾವು ಇದ್ದದ್ದು ಒಳಗಿನ ಎಕ್ಸ್‌ಪ್ರೆಸ್‌ನಲ್ಲಿ. ಎಡಕ್ಕೆ ಗೋಡೆ, ಬಲಕ್ಕೆ ಎರಡು ಮನೆಯಷ್ಟು ಉದ್ದದ ಲಾರಿ. ವಿಮಲಕ್ಕ ಮಿನುಗುವ ದೀಪಗಳನ್ನು ಹಾಕಲಿಲ್ಲ, ಬ್ರೇಕನ್ನೂ ಒತ್ತಲಿಲ್ಲ. ಬಲಗಡೆಯ ಇಂಡಿಕೇಟರ್ ಹಾಕಿ, ಲಾರಿ ಮುಂದೆ ಹೋಗಲು ಬಿಟ್ಟು, ಒಂದೊಂದೇ ಸಾಲು ದಾಟಿದಳು. ಎರಡೂ ಕೈಯಿಂದ ಸ್ಟಿಯರಿಂಗನ್ನು ಬಾವಿಯ ಹಗ್ಗ ಎಳೆದಂತೆ ಎಳೆಯುತ್ತಿದ್ದಳು. ಕಲೆಕ್ಟರ್‌ಗೆ ದಾಟುವ ದಾರಿ ಸಿಕ್ಕಿತು. ದಾಟಿದೆವು. ಅಷ್ಟರಲ್ಲಿ ಎಂಜಿನ್ ಕಾವಿನ ಮುಳ್ಳು ಏರತೊಡಗಿತು.

"ಲೆಸ್ಲಿ ಎಕ್ಸಿಟ್ ಒಂದ ಕಿಲೋಮೀಟರ್ ಐತಿ ಅಕ್ಕಾ! ಬೋರ್ಡ್ ಕಾಣಾಕತ್ತೈತಿ! ಅಲ್ಲಿತನಾ ಹೋಗೋಣು!"

"ಎಂಜಿನ್ ಸುಟ್ಟು ಹೋಕ್ಕೈತಿ. ಇಲ್ಲೇ."

ಬಲಗಡೆ ಅಂಚಿಗೆ, ಬಿಳಿ ಗೆರೆಯಿಂದ ಆದಷ್ಟು ದೂರಕ್ಕೆ ತಂದು ನಿಲ್ಲಿಸಿದಳು. ಈಗ ನಾಲ್ಕೂ ದೀಪ ಮಿನುಗಲು ಹಾಕಿ ಎಂಜಿನ್ ಆರಿಸಿದಳು. ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ.

ರಸ್ತೆಯ ಅಂಚು

ನಮ್ಮೂರಿನಲ್ಲಿ ಗಾಡಿ ನಿಂತರೆ ಮೊದಲು ಎಲ್ಲರೂ ಇಳಿಯುತ್ತಾರೆ. ಒಬ್ಬ ಬಾನೆಟ್ ತೆಗೆಯುತ್ತಾನೆ, ಇನ್ನೊಬ್ಬ ಗಾಲಿಗೆ ಕಲ್ಲು ಇಡುತ್ತಾನೆ, ಮತ್ತೊಬ್ಬ ಗಿಡದ ಟೊಂಗೆ ಮುರಿದು ತಂದು ಹಿಂದೆ ರಸ್ತೆಯ ಮೇಲೆ ಹಾಕುತ್ತಾನೆ. ಹತ್ತು ನಿಮಿಷದಲ್ಲಿ ಹೊಲದಿಂದ ಜನ ಬಂದು ಸಲಹೆ ಕೊಡತೊಡಗುತ್ತಾರೆ. ನನ್ನ ಕೈ ಆ ಅಭ್ಯಾಸದಲ್ಲೇ ಬಾಗಿಲಿಗೆ ಹೋಯಿತು.

"ಏ! ಇಳೀಬ್ಯಾಡ! ಬೆಲ್ಟ್ ಬಿಚ್ಚಬ್ಯಾಡ!" ವಿಮಲಕ್ಕ ಕೂಗಿದ ಹೊಡೆತಕ್ಕೆ ನಾನು ಬೆಂಚಿನ ಮೇಲೆ ನಿಲ್ಲಿಸಿದ ವಿದ್ಯಾರ್ಥಿಯಂತಾದೆ. "ತಾಸಿಗೆ ನೂರಾ ಇಪ್ಪತ್ತರಾಗ ಹೋಕ್ಕಾರ ಇಲ್ಲೆ. ಆಚೆ ಕಡೆ ತಡೆಗೋಡೆ, ಹಿಂದ ನಿಲ್ಲಾಕೂ ಜಾಗ ಇಲ್ಲ. ಒಳಗ ಕೂಡೋದ ಛಲೋ."

ಅವಳು ಕೆಟ್ಟ ಗಾಡಿ ಎಳೆದೊಯ್ಯುವವರಿಗೆ ಫೋನ್ ಮಾಡಿದಳು. ಎಲ್ಲಿದ್ದೇವೆ, ಯಾವ ದಿಕ್ಕು, ಒಳ ಸಾಲೋ ಹೊರ ಸಾಲೋ, ಎಷ್ಟು ಜನ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಶನಿವಾರ, ಚಳಿ, ನಿಂತ ಗಾಡಿಗಳು ಬಹಳ, ಒಂದು ಗಂಟೆಯಾದರೂ ಆಗುತ್ತದೆ ಎಂದರಂತೆ.

ನನಗೆ ಕಾರಿನ ಚಿಂತೆಗಿಂತ ಹನ್ನೆರಡು ಗಂಟೆಯ ಚಿಂತೆ. ಲೀಲಾಳಿಗೆ ಹೇಳೋಣವೆಂದು ಮೊಬೈಲ್ ತೆಗೆದರೆ ಪರದೆ ಕಪ್ಪಗಿತ್ತು. ಹೊರಡುವಾಗ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು. ಕೋಟಿನ ಹೊರಜೇಬಿನಲ್ಲಿ ಇಟ್ಟು ಬೆಳಿಗ್ಗೆಯೆಲ್ಲ ಅಂಗಳದಲ್ಲಿ ನಿಂತಿದ್ದೆನಲ್ಲ, ಚಳಿಗೆ ಸತ್ತುಹೋಗಿತ್ತು. ಅದಕ್ಕೆ ಚಾರ್ಜ್ ಮಾಡುವ ವೈರು ಮನೆಯಲ್ಲಿ ಮಂಚದ ಮೇಲೆ. ವಿಮಲಕ್ಕನ ವೈರು ನನ್ನ ಮೊಬೈಲಿಗೆ ಕೂಡುವುದಿಲ್ಲ. ಲೀಲಾಳ ನಂಬರ್ ಇದ್ದದ್ದು ನನ್ನ ಮೊಬೈಲಿನಲ್ಲಿ ಮಾತ್ರ. ನಂಬರ್ ಕೊಟ್ಟ ಗೆಳತಿಗೆ ವಿಮಲಕ್ಕ ಮೂರು ಸಲ ಮಾಡಿದಳು, ಎತ್ತಲಿಲ್ಲ.

"ಅಕ್ಕಾ, ಈಗೂ ನಾ ಬರಲಿಲ್ಲಂದ್ರ ಅಕಿ ಏನ ತಿಳ್ಕೋತಾಳ?"

"ಈಗೂ ಅಂದ್ರ?"

ಆಗ ಹೇಳಿದೆ. ಲೀಲಾಳ ತಾಯಿ ತೀರಿಕೊಂಡಾಗ ಅವಳು ನನಗೆ ಆರು ಪುಟದ ಪತ್ರ ಬರೆದಿದ್ದಳು. ಏನು ಉತ್ತರ ಬರೆಯಬೇಕೆಂದು ತಿಳಿಯದೆ ಬರೆದು ಹರಿದೆ, ಬರೆದು ಹರಿದೆ. ವಾರವಾಯಿತು, ತಿಂಗಳಾಯಿತು. ಇನ್ನು ಬರೆದರೆ ತಡವಾದದ್ದಕ್ಕೆ ಏನು ಹೇಳಲಿ ಎಂದು ಇನ್ನೂ ತಡವಾಯಿತು. ಆಮೇಲೆ ಅವಳ ವಿಳಾಸವೂ ಬದಲಾಯಿತು. ಆ ಮಾತನ್ನು ಅವಳೆದುರು ಹೇಳಬೇಕೆಂದೇ ನಾನು ಹೊರಟದ್ದು.

ವಿಮಲಕ್ಕ ಹಿಂದಿನ ಸೀಟನ್ನು ಮಡಚಿ, ಕೈಚಾಚಿ ಡಿಕ್ಕಿಯಿಂದ ಕಂಬಳಿಗಳನ್ನು ಎಳೆದಳು. ಒಂದನ್ನು ನನಗೆ ಹೊದಿಸಿ, "ಮೊಬೈಲ್ ಸ್ವೆಟರ್ ಒಳಗ ಹಾಕ್ಕೋ. ಮೈಗೆ ಹತ್ತಿಸಿ ಇಟ್ಕೋ. ಬೆಚ್ಚಗಾದ್ರ ಜೀವಾ ಬರ್ತೈತಿ" ಎಂದಳು. ಬಗಲಲ್ಲಿ ಇಟ್ಟುಕೊಂಡೆ. ಮಂಜುಗಡ್ಡೆ ಇಟ್ಟಂತಾಗಿ ಹಾ ಎಂದು ಕಿರುಚಿದೆ. ಇಬ್ಬರೂ ಆ ಸ್ಥಿತಿಯಲ್ಲೂ ಬಿದ್ದು ಬಿದ್ದು ನಕ್ಕೆವು.

ಪ್ರತಿ ಲಾರಿ ಹಾದಾಗ ನಮ್ಮ ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ಗಾಜಿನ ಒಳಗೆ ನಮ್ಮ ಉಸಿರೇ ಹೆಪ್ಪುಗಟ್ಟಿ ಬಿಳಿ ಬಳ್ಳಿಗಳಾಗಿ ಮೂಡತೊಡಗಿತು. ನಾನು ಅದನ್ನು ಉಗುರಿನಿಂದ ಕೆರೆದು ನೋಡಿದೆ. ಆ ಹೊತ್ತಿನಲ್ಲೂ ಎಂಥ ಬೆರಗು! ರೊಟ್ಟಿ ಡಬ್ಬಿ ತೆರೆದೆವು. ಬೆಳಿಗ್ಗೆ ನಕ್ಕವಳೇ ಎರಡು ರೊಟ್ಟಿ ಹೆಚ್ಚು ತಿಂದೆ.

ತಿನ್ನುತ್ತ ತಿನ್ನುತ್ತ ನನ್ನೊಳಗಿನ ವಿಜ್ಞಾನದ ಮಾಸ್ತರ್ತಿ ಎಚ್ಚರಾದಳು. ಬ್ಯಾಟರಿ ದೀಪ, ಬಿಗಿಯಾದ ಸ್ಟಿಯರಿಂಗ್, ಏರಿದ ಕಾವು, ಮೂರೂ ಒಂದೇ ನಿಮಿಷದಲ್ಲಿ. ಮೂರಕ್ಕೂ ಒಂದೇ ಕಾರಣ ಇರಬೇಕು. "ಅಕ್ಕಾ! ಈ ಮೂರನ್ನೂ ಒಂದ ಬೆಲ್ಟ್ ತಿರಗಸ್ತೈತೇನು? ಹಂಗಿದ್ರ ಬೆಲ್ಟ್ ಹರದೈತಿ!"

"ಹೂಂ, ಆ ಪಟ್ ಅಂತ ಸಪ್ಪಳ ಆದಾಗ ಗೊತ್ತಾತು" ಎಂದಳು ವಿಮಲಕ್ಕ, ಚಟ್ನಿ ನೆಕ್ಕುತ್ತ. ನನ್ನ ಸಂಶೋಧನೆ ಹೀಗೆ ಮುಗಿಯಿತು.

ಅಷ್ಟರಲ್ಲಿ ಗಾಡಿ ಎಳೆಯುವ ಒಂದು ಟೋ ಲಾರಿ ನಮ್ಮ ಮುಂದೆ ಬಂದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ವಿಮಲಕ್ಕ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, ಬಂದವನೊಡನೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ಬೇಡವೆಂದು ಕಳಿಸಿಬಿಟ್ಟಳು.

"ಅಯ್ಯ, ಯಾಕ ಕಳಿಸಿದಿ?"

"ನಾವು ಕರೆದವ ಅಲ್ಲ ಅವ. ಕರೀದನ ಬರೋರ ಕೈಯಾಗ ಗಾಡಿ ಕೊಡಬಾರದು. ಈ ರೋಡಿಗೆ ಸರಕಾರದವರು ಬ್ಯಾರೇ ಟೋದವರನ್ನ ಗೊತ್ತು ಮಾಡ್ಯಾರ."

ನಮ್ಮಲ್ಲಿ ಕರೆಯದೆ ಬಂದವರೇ ಗಾಡಿ ತಳ್ಳುವುದು. ಇಲ್ಲಿ ಅವರಿಗೇ ಹೆದರಬೇಕು. ಎರಡನ್ನೂ ತೂಗಿ ನೋಡುತ್ತ, ಬಗಲಲ್ಲಿದ್ದ ಮೊಬೈಲಿನ ಗುಂಡಿ ಮತ್ತೆ ಒತ್ತಿ ಹಿಡಿದರೆ ಅದು ನಡುಗಿತು. ಮೊಬೈಲಿಗೆ ಜೀವ ಬಂದಿತ್ತು!

ನಾನು ನಂಬರನ್ನು ಕೂಗಿ ಓದಿದೆ, ವಿಮಲಕ್ಕ ತನ್ನ ಫೋನಿನಲ್ಲಿ ಒತ್ತಿದಳು. ಗಂಟೆ ಹೋಯಿತು, ಹೋಯಿತು, ಲೀಲಾ ಎತ್ತಲಿಲ್ಲ. ಆ ದೇಶದಲ್ಲಿ ಗುರುತಿಲ್ಲದ ನಂಬರ್ ಯಾರೂ ಎತ್ತುವುದಿಲ್ಲವಂತೆ. ನನ್ನದರಿಂದಲೇ ಮಾಡೋಣವೆಂದರೆ ಅದು ಮತ್ತೆ ಆರಿತು. ಕಡೆಗೆ ವಿಮಲಕ್ಕನ ಫೋನಿನಲ್ಲಿ, ದನಿ ಹಿಡಿದಿಟ್ಟುಕೊಳ್ಳುವ ಯಂತ್ರಕ್ಕೆ ಮಾತು ಬಿಟ್ಟೆ. "ಲೀಲಾ, ನಾ ಸುಶೀಲಾ. ಕಾರ್ ಕೆಟ್ಟೈತಿ. ಹೈವೇ ಮ್ಯಾಲ ಅದೇವಿ. ನಾ ಬರಾಕತ್ತಿದ್ದೆ, ಖರೇನ ಬರಾಕತ್ತಿದ್ದೆ." ಇನ್ನೂ ಏನೋ ಹೇಳುವಷ್ಟರಲ್ಲಿ ಪೀ ಎಂದು ನಿಂತಿತು.

ಟೋ ಲಾರಿಯ ಮೇಲೆ

ಹನ್ನೊಂದೂವರೆಗೆ ನಮ್ಮ ಲಾರಿ ಬಂತು. ಓಡಿಸುವವನ ಹೆಸರು ಡೆವನ್. ಜಮೈಕಾದಲ್ಲಿ ಹುಟ್ಟಿದವನು, ಬಾಗಿಲಿನಷ್ಟು ಅಗಲ, ಗಡ್ಡದ ತುದಿಗೆ ಹಿಮದ ಹರಳು. ನಮ್ಮ ಕಂಬಳಿ, ರೊಟ್ಟಿ ಡಬ್ಬಿ ನೋಡಿ, "ಲೇಡೀಸ್, ಇವತ್ತು ಬೆಳಗಿನಿಂದ ಏಳು ಗಾಡಿ ಎತ್ತಿದೆ. ಪಿಕ್ನಿಕ್ ಮಾಡುತ್ತಿದ್ದವರು ನೀವಿಬ್ಬರೇ" ಎಂದು ಗಹಗಹಿಸಿದ.

ಅವನ ಲಾರಿಯ ಬೆನ್ನು ಆನೆ ಮಂಡಿಯೂರಿದಂತೆ ಬಾಗಿ ನೆಲಕ್ಕೆ ತಾಗಿತು. ಸರಪಳಿ ಹಾಕಿ ಎಳೆದ. ನಮ್ಮ ಹದಿಮೂರು ವರ್ಷದ ಬೂದು ಕಾರು ಸುಮ್ಮನೆ ಮೇಲೇರಿ ಕೂತಿತು. ನಾವು ಮುಂದಿನ ಸೀಟಿಗೆ ಹತ್ತಬೇಕಿತ್ತು. ಮೆಟ್ಟಿಲು ನನ್ನ ಸೊಂಟದೆತ್ತರಕ್ಕೆ. ವಿಮಲಕ್ಕ ಹಿಂದಿನಿಂದ ತಳ್ಳಿದಳು, ಡೆವನ್ ಮೇಲಿನಿಂದ ಕೈ ಹಿಡಿದ. ಏರಿ ಕೂತಾಗ ಕಂಡದ್ದೇನು! ಇಡೀ ನಾನೂರಾ ಒಂದು ನನ್ನ ಕಾಲ ಕೆಳಗೆ. ಬಿಸಿಗಾಳಿ ಮುಖಕ್ಕೆ. ಜೀವನದಲ್ಲಿ ಲಾರಿ ಏರಿದ್ದು ಅದೇ ಮೊದಲು. ಲೀಲಾಳ ಚಿಂತೆ ಇಲ್ಲದಿದ್ದರೆ ಇನ್ನೊಂದು ಸುತ್ತು ಹೊಡೆಸು ಎನ್ನುತ್ತಿದ್ದೆ.

ವಿಮಲಕ್ಕ ಮಾರ್ಕಮ್‌ಗೆ ಹತ್ತಿರದ ಸ್ಕಾರ್ಬರೋದಲ್ಲಿ ತನಗೆ ಗೊತ್ತಿದ್ದ ಒಂದು ಗ್ಯಾರೇಜಿಗೆ ಹೋಗಲು ಹೇಳಿದಳು. ಅದರ ವಿಳಾಸವನ್ನು ಲೀಲಾಳಿಗೆ ಮೆಸೇಜ್ ಮಾಡಿದಳು. ಉತ್ತರ ಬರಲಿಲ್ಲ. ಲೆಸ್ಲಿ ಎಕ್ಸಿಟ್ ದಾಟಿತು. ಹನ್ನೆರಡೂ ದಾಟಿತು.

ಸ್ಕಾರ್ಬರೋ

ಗ್ಯಾರೇಜಿನ ಯಜಮಾನ ಸೆಲ್ವಂ, ಜಾಫ್ನಾದ ತಮಿಳಿನವರು. ಬಾನೆಟ್ ತೆಗೆದು, ಹರಿದು ಜೋತಿದ್ದ ಕಪ್ಪು ಬೆಲ್ಟನ್ನು ಹಾವು ಹಿಡಿದಂತೆ ಎತ್ತಿ ತೋರಿಸಿದರು. ಅದನ್ನು ಹಾಯಿಸುವ ಒಂದು ಗಾಲಿ ಬಿಗಿದುಕೊಂಡಿತ್ತಂತೆ, ಬೆಲ್ಟು ಉಜ್ಜಿ ಉಜ್ಜಿ ಹರಿಯಿತಂತೆ. ಸಕಾಲಕ್ಕೆ ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು ಎಂದು ವಿಮಲಕ್ಕನಿಗೆ ಹೇಳಿದರು. ಮರದ ಗಾಲಿಗೆ ದಾರ ಸುತ್ತಿ ಮೂವತ್ತು ವರ್ಷ ರಾಟೆಯ ಪಾಠ ಮಾಡಿದವಳು ನಾನು. ಬೇರೆ ದಿನವಾಗಿದ್ದರೆ ಅವರನ್ನು ನೂರು ಪ್ರಶ್ನೆ ಕೇಳುತ್ತಿದ್ದೆ. ಆವತ್ತು ಕಾಯುವ ಕೋಣೆಯಲ್ಲಿ ಕೂತು ಗಾಜಿನ ಬಾಗಿಲನ್ನೇ ನೋಡುತ್ತಿದ್ದೆ.

ಹನ್ನೆರಡೂ ಕಾಲು. ಹನ್ನೆರಡೂವರೆ. "ಹೋಗಿರಬೇಕ ಅಕ್ಕಾ" ಎಂದೆ. ವಿಮಲಕ್ಕ ಕಾಫಿ ತಂದು ಕೈಯಲ್ಲಿಟ್ಟಳು.

ಒಂದಕ್ಕೆ ಹತ್ತು ನಿಮಿಷ ಇದ್ದಾಗ ಒಂದು ಕೆಂಪು ಕಾರು ಒಳಗೆ ತಿರುಗಿತು. ಹಿಂದಿನ ಗಾಜು ಕಾಣದಷ್ಟು ಸಾಮಾನು ತುಂಬಿತ್ತು. ಮೇಲಿಂದ ಕೆಳಗಿನವರೆಗೆ ಕೋಟಿನಲ್ಲಿ ಮುಳುಗಿದ ಒಂದು ಆಕೃತಿ ಇಳಿದು, ಓಡುತ್ತ ಬಂದು, ಬಾಗಿಲು ದೂಡಿ, "ಸುಶೀ!" ಎಂದು ಕೂಗಿ ವಿಮಲಕ್ಕನನ್ನು ಬಿಗಿದಪ್ಪಿಕೊಂಡಿತು.

"ನಾ ಅಲ್ಲವಾ, ಅಕಿ, ಅಕಿ!" ವಿಮಲಕ್ಕ ಉಸಿರುಗಟ್ಟಿ ಹೇಳಿದಳು. ನಾವಿಬ್ಬರೂ ಕಣ್ಣಷ್ಟೇ ಕಾಣುವಂತೆ ಟೊಪ್ಪಿಗೆ, ಮಫ್ಲರ್ ಸುತ್ತಿಕೊಂಡಿದ್ದೆವಲ್ಲ, ಅವಳದೇನು ತಪ್ಪು? ಲೀಲಾ ತಿರುಗಿ ನನ್ನ ಟೊಪ್ಪಿಗೆ ಕಿತ್ತು ತೆಗೆದು ಮುಖ ನೋಡಿದಳು. ಬೆಳ್ಳಗಾದ ಕೂದಲು ಇಬ್ಬರದೂ.

"ಎಂತ ಮಾರಾಯ್ತಿ, ಅಜ್ಜಿ ಆಗಿದ್ದೀ!"

"ನೀ ಏನ ಹುಡುಗಿ ಅದಿಯೇನು!"

ಆಮೇಲೆ ಅಪ್ಪಿಕೊಂಡು ನಿಂತೆವು. ಸೆಲ್ವಂ ಒಳಗಿನಿಂದ ಇಣುಕಿ ನೋಡಿ, ಸದ್ದು ಮಾಡುತ್ತಿದ್ದ ಯಂತ್ರವೊಂದನ್ನು ಆರಿಸಿದರು.

ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅವಳು ಫೋನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮರೆತಿದ್ದಳಂತೆ. ಬೀಗದ ಕೈ ಕೊಟ್ಟು ಕಾರಿನಲ್ಲಿ ಕೂತಮೇಲೆ ನೋಡಿಕೊಂಡು, ಮತ್ತೆ ಬಾಗಿಲು ತೆಗೆಸಿ, ನನ್ನ ದನಿ ಕೇಳಿದಳಂತೆ.

ಇಪ್ಪತ್ತು ನಿಮಿಷ ಹೇಗೆ ಕಳೆಯಿತೋ. ಕೇಳಬೇಕಾದದ್ದನ್ನು ಬಿಟ್ಟು ಹಾಸ್ಟೆಲ್ಲಿನ ಅಡಿಗೆಯವಳು, ಒಡೆದ ಬಕೆಟ್ಟು ಇಂಥವನ್ನೇ ಮಾತಾಡಿದೆವು. ವಿಮಲಕ್ಕ, ಸೆಲ್ವಂ, ಟೈರು ಬದಲಿಸಲು ಬಂದ ಗಿರಾಕಿಗಳು, ಇಷ್ಟು ಜನರ ನಡುವೆ ಪತ್ರದ ಮಾತು ಎತ್ತಲಾಗಲಿಲ್ಲ. ಲೀಲಾ ಗಡಿಯಾರ ನೋಡಿದಳು. ರಾತ್ರಿ, ಹ್ಯಾಲಿಫ್ಯಾಕ್ಸ್ ದಾರಿಯಲ್ಲಿ ಮೂರು ತಾಸು ದೂರದ ಕಿಂಗ್ಸ್‌ಟನ್ ಊರಿನಲ್ಲಿ ನಾದಿನಿಯ ಮನೆಯಲ್ಲಿ ಉಳಿಯುವುದು. ಸಂಜೆಗೆ ಹಿಮ ಬೀಳುವುದೆಂದು ಮುನ್ಸೂಚನೆ.

ಎದ್ದಳು. ಬಾಗಿಲವರೆಗೆ ಹೋದಳು. ತಿರುಗಿದಳು.

"ಬಾ."

"ಎಲ್ಲಿಗೆ?"

"ಕಿಂಗ್ಸ್‌ಟನ್‌ಗೆ. ನಾಳೆ ರೈಲು ಉಂಟು, ವಾಪಸ್ ಹತ್ತಿಸ್ತೇನೆ. ಇಪ್ಪತ್ತು ನಿಮಿಷಕ್ಕೆಲ್ಲ ಮುಗೀತದಾ ಇದು?"

ನನ್ನ ಬಳಿ ಬಟ್ಟೆ ಇಲ್ಲ, ಹಲ್ಲುಜ್ಜುವ ಬ್ರಷ್ ಇಲ್ಲ, ಮೊಬೈಲಿಗೆ ಜೀವ ಇಲ್ಲ. ಬಿಪಿ ಮಾತ್ರೆ ಮಾತ್ರ ಪರ್ಸಿನಲ್ಲಿತ್ತು. ಮದುವೆಯಾದ ಮೇಲೆ ಹೇಳದೆ ಕೇಳದೆ ಒಂದು ರಾತ್ರಿಯೂ ಎಲ್ಲೂ ಉಳಿದವಳಲ್ಲ. ವಿಮಲಕ್ಕನ ಮುಖ ನೋಡಿದೆ.

"ಹೋಗ ಹೋಗ" ಎಂದಳು. "ಇಲ್ಲೆ ಕುಂತ ನನ್ನ ಬೆಲ್ಟ್ ನೋಡ್ಕೋತ ಏನ ಮಾಡ್ತಿ? ಧಾರವಾಡಕ್ಕ ನಾ ಫೋನ್ ಮಾಡಿ ಹೇಳ್ತೇನಿ."

ನಾನು ಕೆಂಪು ಕಾರಿನ ಕಡೆ ಓಡಿದೆ. ಹೌದು, ಐವತ್ತೆಂಟರ ವಯಸ್ಸಿನಲ್ಲಿ, ಮಂಜಿನ ಮೇಲೆ, ಆ ಬೂಟಿನಲ್ಲಿ ಓಡಿದೆ.

ಪೂರ್ವಕ್ಕೆ

ಮತ್ತೆ ಅದೇ ನಾನೂರಾ ಒಂದು, ಆದರೆ ಈಗ ಸಾಲುಗಳು ಕಡಿಮೆಯಾಗುತ್ತ, ಎರಡೂ ಕಡೆ ಬಿಳಿ ಹೊಲಗಳು. ಲೀಲಾ ನೇರ ಕೂತು, ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಹಾಡಿನಂತೆ ಓಡಿಸುತ್ತಿದ್ದಳು. ಓಶಾವಾ ಊರು ದಾಟಿದ ಮೇಲೆ ನಾನು ಪತ್ರದ ಮಾತು ಹೇಳಿದೆ. ರಸ್ತೆಯನ್ನೇ ನೋಡುತ್ತ, ಒಂದೇ ಸಲಕ್ಕೆ ಹೇಳಿದೆ.

ಅವಳು ಮುಂದಿದ್ದ ಒಂದು ಲಾರಿಯನ್ನು ಹಿಂದೆ ಹಾಕಿದಳು.

"ನನಗೆ ತುಂಬ ಸಿಟ್ಟಿತ್ತು ಸುಶೀ" ಎಂದಳು. "ಹತ್ತು ವರ್ಷ ಇತ್ತು. ಬೇರೆಯವರೆಲ್ಲ ಬರೆದರು. ಎಲ್ಲರೂ ದೇವರ ಇಚ್ಛೆ, ದೇವರ ಇಚ್ಛೆ ಅಂತ. ಗೆಳತಿಯರಲ್ಲಿ ಅಮ್ಮನನ್ನು ಹತ್ತಿರದಿಂದ ಬಲ್ಲವಳು ನೀನೊಬ್ಬಳೇ. ನೀನೇ ಬರೀಲಿಲ್ಲ." ನನ್ನ ಕಡೆ ಒಮ್ಮೆ ನೋಡಿ ಕೇಳಿದಳು: "ಈಗ ಹೇಳು. ಬರೆದಿದ್ದರೆ ಎಂತ ಬರೀತಿದ್ದಿ?"

ನಾನು ಹೇಳತೊಡಗಿದೆ. ಅವಳಮ್ಮ ಒಮ್ಮೆ ಹಾಸ್ಟೆಲ್ಲಿಗೆ ಬಂದು ಮೂರು ದಿನ ಉಳಿದದ್ದು. ನಮ್ಮ ಕೋಣೆಯ ನಾಲ್ವರ ಹೊದಿಕೆಯನ್ನೂ ಒಂದೇ ಬೆಳಿಗ್ಗೆ ಒಗೆದು ಹಾಕಿದ್ದು. ನನಗೆ ಜ್ವರ ಬಂದಿದ್ದಾಗ ತಲೆ ತಮ್ಮ ತೊಡೆಯ ಮೇಲಿಟ್ಟುಕೊಂಡು, ನನಗೆ ತಿಳಿಯದ ತುಳುವಿನಲ್ಲಿ ಇಡೀ ಮಧ್ಯಾಹ್ನ ಏನೋ ಹೇಳುತ್ತ ಕೂತದ್ದು. ಹೊರಡುವಾಗ ವಾರ್ಡನ್‌ಗೆ ಅಂಜದೆ, "ನನ್ನ ಮಕ್ಕಳಿಗೆ ಮಜ್ಜಿಗೆಯಲ್ಲಿ ನೀರು ಜಾಸ್ತಿ ಹಾಕಬೇಡಿ" ಎಂದು ಗದರಿಸಿದ್ದು. ನನ್ನ ಮಕ್ಕಳು ಎಂದಿದ್ದರು, ನಾಲ್ವರನ್ನೂ ಸೇರಿಸಿ.

ಲೀಲಾ ಇಂಡಿಕೇಟರ್ ಹಾಕಿದಳು. ಮುಂದಿನ ತಂಗುದಾಣಕ್ಕೆ ತಿರುಗಿಸಿ, ಗೆರೆಗಳ ನಡುವೆ ಸರಿಯಾಗಿ ನಿಲ್ಲಿಸಿ, "ಕಣ್ಣು ಕಾಣುದಿಲ್ಲ ಮಾರಾಯ್ತಿ, ಹೀಗೆ ಓಡಿಸ್ಲಿಕ್ಕಾಗುದಿಲ್ಲ" ಎಂದು ಟೊಪ್ಪಿಗೆಯಿಂದಲೇ ಮುಖ ಒರೆಸಿಕೊಂಡಳು. ಆಮೇಲೆ ಸೀಟನ್ನು ಹಿಂದಕ್ಕೆ ಸರಿಸಿ, ನನ್ನ ಕಡೆ ತಿರುಗಿ ಕೂತಳು. "ಹೂಂ. ಇನ್ನೆಂತ ಹೇಳಿದರು ಅಮ್ಮ?"

ಹೇಳಿದೆ. ನೆನಪಿದ್ದದ್ದನ್ನೆಲ್ಲ ಹೇಳಿದೆ. ಹೊರಗೆ ಹಿಮ ಬೀಳತೊಡಗಿದ್ದನ್ನು ಇಬ್ಬರೂ ಎಷ್ಟೋ ಹೊತ್ತು ಗಮನಿಸಲಿಲ್ಲ.

ಕಿಂಗ್ಸ್‌ಟನ್ ಮುಟ್ಟಿದಾಗ ಕತ್ತಲಾಗಿತ್ತು. ಮಧ್ಯಾಹ್ನವೇ ಊಟಕ್ಕೆ ಕಾದಿದ್ದ ನಾದಿನಿ ಬಾಗಿಲಲ್ಲೇ ನಿಂತಿದ್ದರು. "ಎಷ್ಟು ಹೊತ್ತು! ಕಾರು ಕೆಟ್ಟಿತಾ ಎಂತ?" ಎಂದು ಗಾಬರಿಯಿಂದ ಕೇಳಿದರು.

"ಕಾರು ಸರಿ ಉಂಟು" ಎಂದಳು ಲೀಲಾ, ಬೂಟು ಬಿಚ್ಚುತ್ತ. "ದಾರಿಯಲ್ಲಿ ಇವಳದ್ದೊಂದು ಪತ್ರ ಸಿಕ್ಕಿತು. ಓದ್ಲಿಕ್ಕೆ ನಿಂತೆವು."